ಒಂಟಿಗಣ್ಣಿನ ಭಾವನವರು ಮತ್ತು ಕಲ್ಲಿನ ಪಟ

ಇದು ನನ್ನ ಗಂಡನ ಅಣ್ಣನವರನ್ನು ಕುರಿತ ಬರಹ. ಅವರ ಹೆಸರು ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ನಾಲಿಗೆಗೆ ತರಬಾರದು. ಬೇಕಿದ್ದರೆ ತಾನೇ ಒಂದೊಂದು ಹೆಸರು ಕಟ್ಟಿಕೊಳ್ಳಬೇಕು. ಕಟ್ಟುಪಾಡು ಇರುವುದು ಬಾಯಿಗೆ, ಕೈಗಲ್ಲ ಎಂದು ವಾದಿಸುವ ಸೊಸೆಯರು ನಮ್ಮೂರು ಅಕ್-ಕುದುಕ್‌ನಲ್ಲಿ ಇದ್ದಾರೆ. ಅವರ ಅತ್ತೆಯರಿಗೆ ಸೊಸೆಯ ದಿನಚರಿ ಓದುವ ಅಭ್ಯಾಸವಿಲ್ಲ. ನನ್ನ ಅತ್ತೆಗೆ ಇದೆ.

ನಾನು ಮದುವೆಯಾಗಿ ಬಂದ ಮೂರನೆಯ ಬೆಳಗ್ಗೆ, 1996ರ ಸೆಪ್ಟೆಂಬರ್ 23ರಂದು, ಕಾಲುವೆಯಿಂದ ನೀರು ತರುತ್ತಿದ್ದಾಗ ಬೇಲಿಯ ಹಲಗೆಗಳ ಸಂದಿಯಲ್ಲಿ ಒಂದು ಮುಖ ಕಂಡಿತು. ಅದರ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದರ ಜಾಗದಲ್ಲಿ ಗಾಜು ಇತ್ತು. ಎರಡು ಬಕೆಟ್ ನೀರನ್ನೂ ಚೆಲ್ಲಿ ಒಳಗೆ ಓಡಿದೆ. ಅಪಾ (ಅತ್ತೆಯವರನ್ನು ಮನೆಯವರೆಲ್ಲ ಕರೆಯುವುದು ಹಾಗೆಯೇ) ಹೊರಗೆ ಹೋಗಿ ನೋಡಿಕೊಂಡು ಬಂದರು.

"ಹೆದರ್ಕೋಬೇಡ ಮಗಳೇ, ಕಳ್ಳ ಅಲ್ಲ, ನನ್ನ ಹಿರೀ ಮಗ. ಕಳ್ಳ ಆಗಿದ್ರೆ ಏನಾದ್ರೂ ಹೊತ್ಕೊಂಡಾದ್ರೂ ಹೋಗ್ತಿದ್ದ. ಇವನು ಬರೀ ನೋಡ್ಕೊಂಡು ಹೋಗ್ತಾನೆ."

ಆ ಗಾಜು ಕ್ಯಾಮೆರಾದ್ದೆಂದು ಆಮೇಲೆ ತಿಳಿಯಿತು. ಅಂದಿನಿಂದ ಅವರು ನನಗೆ ಒಂಟಿಗಣ್ಣಿನ ಭಾವ.

ಭಾವನವರಿಗೆ ಈಗ ಅರವತ್ತು. ರಾಜಧಾನಿ ಬಿಷ್ಕೆಕ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸುವ ಕಚೇರಿಯೊಂದರ ಎದುರಿಗೆ ಒಂದೇ ಕೋಣೆಯ ಸ್ಟುಡಿಯೋ ಇಟ್ಟಿದ್ದಾರೆ. "ಗದ್ದ ಮೇಲೆ. ಕಿವಿ ಕಾಣ್ಲಿ. ನಗಬೇಡಿ." ವರ್ಷದ ಮುನ್ನೂರು ಚಿಲ್ಲರೆ ದಿನ ಅವರು ಆಡುವುದು ಈ ಮೂರು ಮಾತು. ಶರತ್ಕಾಲದಲ್ಲಿ ಆಲೂಗಡ್ಡೆ ಅಗೆಯುವ ಹತ್ತು ದಿನ ಅಂಗಡಿಗೆ ಬೀಗ ಹಾಕಿ ಊರಿಗೆ ಬರುತ್ತಾರೆ, ಮತ್ತು ತಯಾರಾಗಿರದ ಮನುಷ್ಯರ ಪಟ ತೆಗೆಯುತ್ತಾರೆ. 1988ರಲ್ಲಿ ಆರಂಭಿಸಿದ್ದು ಒಂದು ವರ್ಷವೂ ತಪ್ಪಿಲ್ಲ. ಇಂದಿಗೂ ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾವನ್ನೇ ಬಳಸುತ್ತಾರೆ.

"ತಯಾರಾದ ಮುಖ ನೋಡಿ ನೋಡಿ ಸಾಕಾಗಿದೆ ಟೀಚರಮ್ಮ," ಎಂದು ನನಗೆ ಒಮ್ಮೆ ಹೇಳಿದ್ದರು. ನಾನು ಇಲ್ಲಿನ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. "ನನ್ನೂರಿನವರಾದ್ರೂ ನನ್ನನ್ನ ನೋಡದೇ ಇರ್ಲಿ."

ಊರಿನವರ ಅಭಿಪ್ರಾಯ ಬೇರೆ. ಪಟಕ್ಕೆ ಕೂರುವುದೆಂದರೆ ಅತಿಥಿಯಾಗಿ ಕೂರುವುದು. ಕಂಬಳಿ ಹಾಸಬೇಕು, ಒಳ್ಳೆಯ ಅಂಗಿ ತೊಡಬೇಕು, ಹಿರಿಯರು ನಡುವೆ, ಕಿರಿಯರು ಬಾಗಿಲ ಕಡೆ. ಇದಾವುದೂ ಇಲ್ಲದೆ ಹಿಡಿದ ಪಟ, ಸ್ನಾನದ ಮನೆಯ ಕಿಟಕಿಯಲ್ಲಿ ಇಣುಕಿದ್ದಕ್ಕೆ ಸಮ. ಆದ್ದರಿಂದ ಭಾವನವರ ಬಸ್ಸು ರಸ್ತೆಯ ತಿರುವಿನಲ್ಲಿ ಕಂಡ ಕೂಡಲೇ ಊರಿಗೆ ಊರೇ ಅಂಗಿ ಬದಲಿಸುತ್ತಿತ್ತು. ಆ ಹತ್ತು ದಿನ ಅಕ್-ಕುದುಕ್‌ನಲ್ಲಿ ಆಲೂಗಡ್ಡೆ ಅಗೆಯುವವರೂ ಮದುವೆಗೆ ಹೊರಟವರಂತೆ ಕಾಣುತ್ತಿದ್ದರು.

ಆದಕಾರಣ ಭಾವನವರು ಅಡಗಲು ಕಲಿತರು. 1998ರಲ್ಲಿ, ಅಪಾ ಹಾಲು ಕರೆಯುವುದನ್ನು ಮೇಲಿನಿಂದ ತೆಗೆಯಬೇಕೆಂದು, ಬೆಳಗಿನ ಐದು ಗಂಟೆಗೇ ಕೊಟ್ಟಿಗೆಯ ಅಟ್ಟದ ಹುಲ್ಲಿನಲ್ಲಿ ಹೋಗಿ ಕುಳಿತರು. ಐದೂ ನಲವತ್ತಕ್ಕೆ ಅಟ್ಟದ ಹಲಗೆ ಜಾರಿತು. ಹುಲ್ಲಿನ ಸಮೇತ ಗೋದಲಿಗೆ ಬಿದ್ದರು. ಹಸು ಒಂದು ಕ್ಷಣ ಅವರನ್ನು ನೋಡಿ, ಆಮೇಲೆ ಹುಲ್ಲು ತಿನ್ನತೊಡಗಿತು.

"ನಲವತ್ತು ವರ್ಷ ಹಾಲು ಕರ್ದಿದೀನಿ," ಎಂದರು ಅಪಾ, ಕೆಚ್ಚಲಿನಿಂದ ಕೈ ತೆಗೆಯದೆ. "ಮೇಲಿಂದ ಮಗ ಬಿದ್ದಿದ್ದು ಇದೇ ಮೊದಲು."

ಬೀಳುವಾಗ ಬೆರಳು ಗುಂಡಿಯ ಮೇಲೆಯೇ ಇದ್ದುದರಿಂದ ಒಂದು ಪಟ ಬಂದಿದೆ: ಒಂದು ಕೊಂಬು, ಉಳಿದುದೆಲ್ಲ ಕತ್ತಲೆ. ಅದು ತಮ್ಮ ಅತ್ಯುತ್ತಮ ಕೃತಿಗಳಲ್ಲೊಂದೆಂದು ಭಾವನವರು ಇಂದಿಗೂ ನಂಬಿದ್ದಾರೆ.

ಇದೆಲ್ಲ ನಗುವ ವಿಷಯವಾಗಿಯೇ ಇರುತ್ತಿತ್ತು, ಮಾವನವರು ತೀರಿಕೊಳ್ಳದಿದ್ದರೆ. 2001ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಮಧ್ಯಾಹ್ನದ ಚಹಾ ಕುಡಿದು ಒರಗಿದವರು ಏಳಲಿಲ್ಲ. ವರ್ಷ ತುಂಬಿದ ಮೇಲೆ ಕಲ್ಲು ನಿಲ್ಲಿಸಬೇಕು. ಕಲ್ಲಿನ ಮೇಲೆ ಸತ್ತವರ ಮುಖ ಕೆತ್ತಿಸಬೇಕು. ಗುಡ್ಡದ ಗೋರಿಗಳಲ್ಲೆಲ್ಲ ಹಾಗೆಯೇ ಇದೆ, ಮುಲ್ಲಾ ಪ್ರತಿ ಸಲ ಬೇಡವೆನ್ನುತ್ತಾರೆ, ಪ್ರತಿ ಸಲ ಕೆತ್ತಿಸುತ್ತಾರೆ. ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಮುಖಕ್ಕೇನು ಬರ ಎಂದುಕೊಂಡೆವು. ಲಕೋಟೆಗಳನ್ನು ಬಿಚ್ಚಿದೆವು. ಮಾವನವರ ಇನ್ನೂರಕ್ಕೂ ಹೆಚ್ಚು ಪಟಗಳಿದ್ದವು. ಬೆನ್ನು ಇತ್ತು. ಲಾರಿಯ ಅಡಿಯಿಂದ ಚಾಚಿದ ಕಾಲುಗಳಿದ್ದವು. ಕುದುರೆಯ ಕಿವಿಯ ಹಿಂದೆ ಅರ್ಧ ಗಲ್ಲ ಇತ್ತು. ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದು ಏಳು ಬಗೆಯಲ್ಲಿತ್ತು. ನೇರವಾಗಿ ನಮ್ಮನ್ನು ನೋಡುವ ಪಟ ಒಂದೂ ಇರಲಿಲ್ಲ.

ಕೊನೆಗೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು, 1962ರಲ್ಲಿ ಸಾಮೂಹಿಕ ಕೃಷಿ ಕ್ಷೇತ್ರದ ಗೌರವ ಫಲಕಕ್ಕೆಂದು ಯಾರೋ ತೆಗೆದ ಪಟ: 'ಉತ್ತಮ ಟ್ರ್ಯಾಕ್ಟರ್ ಚಾಲಕ'. ಆಗ ಮಾವನವರಿಗೆ ಇಪ್ಪತ್ತನಾಲ್ಕು. ತುಂಬು ಮೀಸೆ, ಎಣ್ಣೆ ಹಚ್ಚಿ ಬಾಚಿದ ತಲೆ. ಬೇರೆ ದಾರಿಯಿರಲಿಲ್ಲ. ಇಪ್ಪತ್ತೊಂದು ವರ್ಷಗಳಿಂದ ಗುಡ್ಡದ ಮೇಲೆ ಆ ಹುಡುಗ ನಿಂತಿದ್ದಾನೆ. ಭಾವನವರು ಆ ವಿಷಯ ಎಂದೂ ಎತ್ತಿದವರಲ್ಲ, ಅಡಗಿ ಪಟ ತೆಗೆಯುವುದನ್ನೂ ಬಿಟ್ಟವರಲ್ಲ.

2023ರ ಜುಲೈನಲ್ಲಿ, ಅಪಾಗೆ ಎಂಬತ್ತೊಂದು ತುಂಬಿದ ಮೇಲೆ, ಈ ಪ್ರಕರಣ ನಡೆಯಿತು. ಗೋರಿಯ ಸುತ್ತ ಕಳೆ ಕೀಳಲು ನಾವಿಬ್ಬರೂ ಗುಡ್ಡಕ್ಕೆ ಹೋಗಿದ್ದೆವು. ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. ಪರ ಊರಿನ ಚಾಲಕ ಇಳಿದು, ಗೋರಿಗಳ ಕಡೆ ಕೈ ಎತ್ತಿ ಪ್ರಾರ್ಥಿಸಿ, ಅಂಗೈಗಳನ್ನು ಮುಖಕ್ಕೆ ಸವರಿಕೊಂಡು, ಮಾವನವರ ಕಲ್ಲನ್ನೂ ಅಪಾ ಅವರನ್ನೂ ಬದಲಿಸಿ ಬದಲಿಸಿ ನೋಡಿದ.

"ಅಯ್ಯೋ ಪಾಪ ಅಜ್ಜೀ," ಎಂದ. "ಮೊಮ್ಮಗ ಎಷ್ಟು ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ನಲ್ಲಾ!"

ಅಪಾ ಕಿತ್ತ ಕಳೆಯನ್ನು ಒಟ್ಟುಮಾಡಿ ಎದ್ದರು. ಮನೆಗೆ ಬಂದು ಎರಡು ಬಟ್ಟಲು ಚಹಾ ಕುಡಿದರು. ಆಮೇಲೆ ಬಿಷ್ಕೆಕ್‌ಗೆ ಫೋನು ಹಚ್ಚಿಸಿದರು.

"ಲೋ, ಕೇಳಿಸ್ತಿದೆಯಾ? ಇವತ್ತು ನಿಮ್ಮಪ್ಪ ನನ್ನ ಮೊಮ್ಮಗ ಆದ. ನಾನು ಸತ್ಮೇಲೆ ಅವನ ಪಕ್ಕದಲ್ಲಿ ನನ್ನ ಈ ಒಣಗಿದ ಮುಖ ನಿಲ್ಲಿಸಿದ್ರೆ ಹೋಗೋರು ಬರೋರು ಏನಂತಾರೆ? ಅಜ್ಜಿ ಮೊಮ್ಮಗ ಅಂತಾರೆ. ಐದು ಮಕ್ಕಳನ್ನ ಹೆತ್ತೋಳು ನಾನು! ಅವನ ಹೆಂಡ್ತಿ ಅಂತ ನೋಡಿದ್ ತಕ್ಷಣ ಗೊತ್ತಾಗ್ಬೇಕು, ಅಂಥ ಪಟ ಬೇಕು. ಹಿಮ ಬೀಳೋದ್ರೊಳಗೆ ಕಲ್ಲು ಕೆತ್ತಿಸ್ತೀನಿ."

"ಬದುಕಿರೋವಾಗ್ಲೇ ಕಲ್ಲು ಕೆತ್ತಿಸಿದ್ರೆ ಅಪಶಕುನ ಅಂತಾರಲ್ಲ ಅಪಾ," ಎಂದು ಆ ಕಡೆಯಿಂದ ಭಾವನವರು ಹೇಳಿದ್ದು ನನಗೂ ಕೇಳಿಸಿತು.

"ಸಾವು ಕಲ್ಲು ನೋಡ್ಕೊಂಡು ಬರಲ್ಲ. ಹಾಗೆ ಏನಾದ್ರೂ ನೋಡ್ಕೊಂಡು ಬರೋ ಹಾಗಿದ್ರೆ, ನನ್ನ ಕೆಮ್ಮು ಕೇಳೇ ಬಂದಿರೋದು."

ಎಳೆಯ ವಯಸ್ಸಿನ ಪಟ ಹಾಕಿಸೋಣವೆಂದರೆ ಅಪಾ ಇರುವ ಹಳೆಯ ಪಟ ಒಂದೇ. ಹಾಲು ಕರೆಯುವ ಹೆಂಗಸರ ಗುಂಪಿನದು. ಅದರಲ್ಲಿ ಅವರ ಜಾಗದಲ್ಲಿ ಹಸುವೊಂದು ಅಡ್ಡ ನಿಂತಿದೆ.

ಸೆಪ್ಟೆಂಬರ್ 28, ಗುರುವಾರ, ಭಾವನವರು ಮೊದಲ ಬಾರಿಗೆ ತಾಯಿಯ ಪಟವನ್ನು ತಾಯಿ ಹೇಳಿದಂತೆ ತೆಗೆದರು. ಗೋಡೆಗೆ ಕೆಂಪು ಕಂಬಳಿ ಇಳಿಬಿಟ್ಟೆವು. ಅಪಾ ಬಿಳಿ ತಲೆವಸ್ತ್ರ ಕಟ್ಟಿ, ಮಖಮಲ್ಲಿನ ತೋಳಿಲ್ಲದ ಅಂಗಿ ತೊಟ್ಟು, ಎದೆಗೆ ಹೆಚ್ಚು ಹಾಲು ಕರೆದದ್ದಕ್ಕೆ ಸಿಕ್ಕಿದ್ದ ಪದಕ ಸಿಕ್ಕಿಸಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ಕುಳಿತರು.

"ಚಿನ್ನದ ಹಲ್ಲು ಕಾಣ್ಬೇಕು. ನಗು ಕಾಣ್ಬಾರ್ದು," ಎಂದರು.

"ಎರಡೂ ಒಟ್ಟಿಗೆ ಹೇಗೆ ಅಪಾ?"

"ಅದು ನಿನ್ನ ಕೆಲಸ. ಅದಕ್ಕೇ ಅಲ್ವಾ ಓದಿಸಿದ್ದು?"

ಭಾವನವರು ಕ್ಯಾಮೆರಾದ ಹಿಂದೆ ಒಂದು ಗಳಿಗೆ ನಿಂತರು. "ಗದ್ದ ಮೇಲೆ," ಎಂದರು, ಬಹಳ ಮೆಲ್ಲಗೆ. ನಾಲ್ಕು ನಿಮಿಷಗಳಲ್ಲಿ ಕೆಲಸ ಮುಗಿಯಿತು.

ಜಿಲ್ಲಾ ಪಟ್ಟಣದಲ್ಲಿ ಮುದ್ರಿಸಿ ತಂದ ಪಟವನ್ನು ಅಪಾ ಕಿಟಕಿಯ ಬಳಿ ಹಿಡಿದು ನೋಡಿದರು. ಎಲ್ಲ ಇತ್ತು. ಪದಕವಿತ್ತು, ಹಲ್ಲಿತ್ತು, ಎರಡೂ ಕಿವಿಗಳಿದ್ದವು.

"ಇವಳು ಯಾವಾಗ ಸತ್ತಳು?" ಎಂದರು ಅಪಾ.

ನನ್ನ ಯಜಮಾನರು ಚಹಾ ತರಲು ಎದ್ದು ಹೋದರು, ಅದು ಅವರ ಅಭ್ಯಾಸವಲ್ಲ.

"ಮೂವತ್ತೈದು ವರ್ಷ ಬೇಡಿದ್ದು ಇದನ್ನೇ," ಎಂದರು ಭಾವನವರು ಕೊನೆಗೆ.

"ಬೇಡಿದ್ದೆ. ಕೊಟ್ಟ ಮೇಲೆ ಗೊತ್ತಾಯ್ತು." ಪಟವನ್ನು ಬೋರಲು ಹಾಕಿದರು. "ಇದನ್ನ ಹಾಕಿದ್ರೆ ಅಜ್ಜಿ ಅನ್ನಲ್ಲ, ಮುತ್ತಜ್ಜಿ ಅಂತಾರೆ. ತಾ ಆ ಲಕೋಟೆಗಳನ್ನ."

ಲಕೋಟೆಗಳು ನಮ್ಮ ಮನೆಯ ತಣ್ಣನೆ ಕೋಣೆಯಲ್ಲೇ ಇವೆ, ವರ್ಷಕ್ಕೊಂದರಂತೆ. ಮೇಲಿನ ಅಕ್ಷರ ನನ್ನದು. ಮಾವನವರ ಪಟ ಹುಡುಕಿದ ದಿನವನ್ನು ಬಿಟ್ಟರೆ ಅಪಾ ಅವುಗಳನ್ನು ಮುಟ್ಟಿದವರಲ್ಲ. ಅಂದೂ ತಮ್ಮ ಮುಖ ನೋಡಿಕೊಂಡಿರಲಿಲ್ಲ. ಈಗ ಇಡೀ ದಿನ ಕಂಬಳಿಯ ಮೇಲೆ ಕುಳಿತು ನೋಡಿದರು. 1989ರಲ್ಲಿ ಬೈಯುತ್ತಿದ್ದಾರೆ. 1994ರಲ್ಲಿ ಬೈಯುತ್ತಿದ್ದಾರೆ, ಕೈಯಲ್ಲಿ ಸೌಟು. 2003ರಲ್ಲಿ ಸೌಟಿನ ಬದಲು ಕೋಲು. 2010ರಲ್ಲಿ ಒಂದು ಹಲ್ಲು ಇಲ್ಲ, 2011ರಲ್ಲಿ ಆ ಜಾಗದಲ್ಲಿ ಚಿನ್ನ, ತೋರುಬೆರಳು ಮಾತ್ರ ಅದೇ ಎತ್ತರದಲ್ಲಿದೆ.

"ನನಗೆ ಜೀವನದಲ್ಲಿ ಬೇರೆ ಕೆಲಸವೇ ಇರ್ಲಿಲ್ವೇನೋ?"

"ಇತ್ತು ಅಪಾ. ನಾನು ಕ್ಯಾಮೆರಾ ಎತ್ತಿದ ಕೂಡ್ಲೆ ಅದನ್ನ ಬಿಟ್ಟು ನನಗೆ ಬೈಯೋಕೆ ಶುರು ಮಾಡ್ತಿದ್ದೆ."

1997ರ ಲಕೋಟೆಯಲ್ಲಿ ಅಪಾ ಅವರ ಕೈ ನಿಂತಿತು. ಆ ಪಟದಲ್ಲಿಯೂ ಬೈಗುಳವೇ. ಆದರೆ ನೋಟ ಕ್ಯಾಮೆರಾದ ಕಡೆಗಿರಲಿಲ್ಲ. ಐವತ್ತೈದರ ಅಪಾ ತಲೆವಸ್ತ್ರ ಜಾರಿಸಿಕೊಂಡು, ಬಲಗಡೆಗೆ ತಿರುಗಿ, ಬಾಯಿ ತೆರೆದು ಯಾರಿಗೋ ಬೈಯುತ್ತಿದ್ದಾರೆ. ಕಣ್ಣು ಮಾತ್ರ ನಗುತ್ತಿದೆ. ಪಟದ ಬಲ ಅಂಚಿನಲ್ಲಿ ಅರ್ಧ ಟೋಪಿ, ಬಿಳಿಯ ಉಣ್ಣೆಯದು.

"ಇದ್ಯಾವಾಗ್ಲೋ? ಯಾಕೆ ಬೈತಿದ್ದೆ?"

ಭಾವನವರಿಗೆ ನೆನಪಿರಲಿಲ್ಲ. ಅವರಿಗೆ ನೆನಪಿರುವುದು ಬೆಳಕು ಮಾತ್ರ. ನಾನು ಆ ವರ್ಷದ ದಿನಚರಿ ತಂದು ಓದಿದೆ: "ಅಕ್ಟೋಬರ್ 4, ಶನಿವಾರ. ಬಿಸಿಲು. ಗಾಡಿಯ ಕೊನೆಯ ಮೂಟೆಗೆ ತೂತು. ಹೊಲದಿಂದ ಮನೆಯ ಬಾಗಿಲವರೆಗೆ ಆಲೂಗಡ್ಡೆ ಚೆಲ್ಲಿದೆ. ಮಾವನವರು ಹಿಂದಿರುಗಿ ನೋಡದೆ ಹಾಡಿಕೊಂಡು ಬಂದರು. ಪಕ್ಕದ ಮನೆಯ ಬುರ್ಮಕಾನ್ ಹಿಂದೆಯೇ ಬಂದು ಎರಡು ಬುಟ್ಟಿ ಆರಿಸಿಕೊಂಡರು. ಅಪಾ ಬೈದರು. ಮಾವನವರು ಹಾಡು ಮುಗಿಸಿದ ಮೇಲೆ, ಏನಂದೆ ಎಂದು ಕೇಳಿದರು."

ಅಪಾ ಪಟದ ಅಂಚನ್ನು ಬೆರಳಿನಿಂದ ಒರೆಸಿದರು, ಅಲ್ಲಿ ಧೂಳಿರಲಿಲ್ಲ.

"ಇದೇ," ಎಂದರು. "ಅಜ್ಜಿ ಮೊಮ್ಮಗನಿಗೆ ಹೀಗೆ ಬೈಯಲ್ಲ. ತಾಯಿ ಮಗನಿಗೂ ಹೀಗೆ ಬೈಯಲ್ಲ. ಹೆಂಡ್ತಿ ಮಾತ್ರ ಹೀಗೆ ಬೈತಾಳೆ. ಇದನ್ನ ನೋಡಿ ಯಾವ ಲಾರಿಯವನು ಏನಂತಾನೋ ಅನ್ಲಿ."

"ಟೋಪಿನೂ ಕೆತ್ತಿಸೋಣ್ವಾ ಅಪಾ?" ಎಂದೆ ನಾನು.

"ಟೋಪಿ ಬೇಡ. ಟೋಪಿಯವನು ಪಕ್ಕದಲ್ಲೇ ಇರ್ತಾನಲ್ಲ."

ಮರುದಿನ ಅಪಾ, ಭಾವನವರು, ನಾನು ಮೂವರೂ ಜಿಲ್ಲಾ ಪಟ್ಟಣಕ್ಕೆ, ಸಂತೆಯ ಹಿಂದಿರುವ ತಾಲಾಯ್‌ನ ಕಾರ್ಖಾನೆಗೆ ಹೋದೆವು. ತಾಲಾಯ್ ಕರಿಯ ಕಲ್ಲಿನ ಮೇಲೆ ಉಕ್ಕಿನ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಮುಖ ಮೂಡಿಸುವವನು. ಗೋಡೆಗೆ ಒರಗಿದ್ದ ಹನ್ನೊಂದು ಕಲ್ಲುಗಳಿಂದ ಹನ್ನೊಂದು ಜನ ನಮ್ಮನ್ನು ನೇರವಾಗಿ, ಯಾವ ಅಪೇಕ್ಷೆಯೂ ಇಲ್ಲದೆ ನೋಡುತ್ತಿದ್ದರು. ಅವನು ಪಟವನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಅಪಾ, ಇಪ್ಪತ್ತು ವರ್ಷದಲ್ಲಿ ಬಾಯಿ ತೆರೆದವರನ್ನ ನಾನು ಕೆತ್ತಿಲ್ಲ."

"ಅದಕ್ಕೇ ನಿನ್ನ ಕಲ್ಲೆಲ್ಲಾ ಸತ್ತಿರೋದು."

"ಕಲ್ಲು ಸಾಯದೆ ಇನ್ನೇನು ಮಾಡ್ತದೆ ಅಪಾ?" ಎಂದು ತಾಲಾಯ್ ನಕ್ಕ. ಆಮೇಲೆ ಕಸುಬುದಾರನ ಪ್ರಶ್ನೆಯೊಂದನ್ನು ಕೇಳಿದ: "ಅದಿರ್ಲಿ, ನಿಮ್ಮ ಜಾಗ ಯಾವ ಕಡೆ? ಮುಖ ಓರೆ ಇದ್ರೆ ನಾನು ಅದನ್ನ ಕೇಳ್ಳೇಬೇಕು. ನೇರ ಇದ್ರೆ ಜಗಳ ಇಲ್ಲ."

ನಾನು ದಿನಚರಿಯ ಹಾಳೆಯಲ್ಲಿ ಗುಡ್ಡದ ನಕ್ಷೆ ಬರೆದೆ. ರಸ್ತೆಯಿಂದ ನೋಡಿದರೆ ಎಡಗಡೆ ಮಾವನವರ ಕಲ್ಲು. ಅದರ ಬಲಕ್ಕೆ ಅಪಾಗೆಂದು ಬಿಟ್ಟ ಜಾಗ. ಅದರಾಚೆ, ಇನ್ನೂ ಬಲಕ್ಕೆ, 2011ರಲ್ಲಿ ತೀರಿಕೊಂಡ ಬುರ್ಮಕಾನ್. ಪಟದಲ್ಲಿ ಅಪಾ ನೋಡುತ್ತಿರುವುದು ಬಲಕ್ಕೆ.

ಅಪಾ ನಕ್ಷೆಯ ಮೇಲೆ ಬೆರಳಿಟ್ಟರು. "ಅಂದ್ರೆ ನಾನು ಇವನಿಗೆ ಬೆನ್ನು ಹಾಕಿ, ಪ್ರಳಯದ ತನಕ ಬುರ್ಮಕಾನ್ ಮುಖ ನೋಡ್ತಾ ನಿಂತಿರ್ಬೇಕಾ? ನಮ್ಮ ಆಲೂಗಡ್ಡೆ ತಿಂದಿದ್ದು ಸಾಲ್ದು ಅಂತ?"

"ಅದಕ್ಕೇನು, ತಿರುಗಿಸಿದ್ರಾಯ್ತು," ಎಂದ ತಾಲಾಯ್. "ಫಿಲ್ಮ್ ಮಗುಚಿ ಹಾಕಿ ಮುದ್ರಿಸಿ ಕೊಡ್ಲಿ. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ."

"ಆಗಲ್ಲ," ಎಂದರು ಭಾವನವರು.

ಅವರ ದನಿ ಅಷ್ಟು ಗಟ್ಟಿಯಾದುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮೂವತ್ತೈದು ವರ್ಷಗಳಲ್ಲಿ ಒಂದು ಪಟವನ್ನೂ ತಾವು ತಿದ್ದಿಲ್ಲ, ಯಾರ ಮುಖವನ್ನೂ ಇತ್ತ ತಿರುಗಿಸಿ ಅತ್ತ ತಿರುಗಿಸಿ ಎಂದಿಲ್ಲ, ಪಾಸ್‌ಪೋರ್ಟಿನವರು ಬೇಡಿಕೊಂಡರೂ ಒಂದು ಮೊಡವೆ ಅಳಿಸಿಲ್ಲ ಎಂದರು. ಮಗುಚಿದರೆ ಅಪಾ ಅವರ ಗಲ್ಲದ ಮಚ್ಚೆ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಗಿಯ ಗುಂಡಿಗಳು ಗಂಡಸರ ಕಡೆಗೆ ಬರುತ್ತವೆ, ಅದು ಸುಳ್ಳಾಗುತ್ತದೆ.

"ಮಚ್ಚೆ ನಂದು. ಎಲ್ಲಿಗೆ ಬೇಕಾದ್ರೂ ಕಳಿಸ್ತೀನಿ," ಎಂದರು ಅಪಾ.

"ಅಪಾ, ಅದೊಂದು ಕೇಳ್ಬೇಡ."

"ಲೋ, ಅರವತ್ಮೂರು ವರ್ಷದವನನ್ನ ಇಪ್ಪತ್ನಾಲ್ಕು ಮಾಡಿ ಗುಡ್ಡದ ಮೇಲೆ ನಿಲ್ಲಿಸಿದ್ವಲ್ಲ, ಅದು ನಿಜಾನಾ? ನಿನ್ನ ಹತ್ರ ಇನ್ನೂರು ನಿಜ ಇತ್ತು. ಒಂದೂ ಕಲ್ಲಿಗೆ ಬರ್ಲಿಲ್ಲ."

ಇಪ್ಪತ್ತೊಂದು ವರ್ಷಗಳಿಂದ ಮನೆಯಲ್ಲಿ ಯಾರೂ ಆಡದ ಮಾತು ಅದು. ಅಪಾ ಕೂಡ ಅದನ್ನು ಬೈಗುಳದ ದನಿಯಲ್ಲಿ ಆಡಲಿಲ್ಲ. ಭಾವನವರು ಹೊರಗೆ ಹೋಗಿ, ಯಾರದೋ ಕೆತ್ತದ ಕಲ್ಲಿನ ಮೇಲೆ ಕುಳಿತು ಸಿಗರೇಟು ಹಚ್ಚಿದರು. ಅಪಾ ನನ್ನ ಕೈಯಲ್ಲಿ ಒಂದು ಮಾಂಸದ ಸಮ್ಸಾ ಕೊಟ್ಟು ಕಳುಹಿಸಿದರು. "ಹಸ್ಕೊಂಡಿದ್ರೆ ಅವನು ಮೊದಲಿಂದ್ಲೂ ಮೊಂಡ."

ಸಮ್ಸಾ ಮುಗಿಸಿ, ಬೆರಳುಗಳನ್ನು ಕರವಸ್ತ್ರದಲ್ಲಿ ಚೆನ್ನಾಗಿ ಒರೆಸಿಕೊಂಡು ಭಾವನವರು ಒಳಗೆ ಬಂದರು. ಕೈಚೀಲದಿಂದ ಫಿಲ್ಮಿನ ತುಂಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಗುಚಿದರು. ಅಷ್ಟೇ.

"ಇದು ತಿದ್ದಿದ್ದಲ್ಲ ಟೀಚರಮ್ಮ," ಎಂದರು ನನಗೆ, ಬೇರೆ ಯಾರೂ ಕೇಳದಿದ್ದರೂ. "ಆ ದಿನ ನಾನು ಬೇಲಿಯ ಈ ಕಡೆ ಇದ್ದೆ. ಆ ಕಡೆ ನಿಂತಿದ್ರೆ ಹೀಗೇ ಕಾಣ್ತಿತ್ತು."

ಮಚ್ಚೆಯ ಮಟ್ಟಿಗೆ ಇದು ಸರಿಯಲ್ಲ. ನಾನು ಹೇಳಲಿಲ್ಲ, ಬರೆದುಕೊಂಡೆ.

ಕಲ್ಲು ಅಕ್ಟೋಬರ್ 27ರಂದು ಬಂತು. ಅಪಾ ಅವರ ಸಾವಿನವರೆಗೆ ಅದು ಕೊಟ್ಟಿಗೆಯಲ್ಲಿ ಇರಬೇಕಾದ್ದು. ಆದರೆ ಅಂಗಿ ಹೊಲಿಸಿದರೆ ತೊಟ್ಟು ನೋಡುವುದಿಲ್ಲವೇ ಎಂಬುದು ಅಪಾ ಅವರ ವಾದ. ನಾಲ್ಕು ಗಂಡಸರು ಅದನ್ನು ಟ್ರ್ಯಾಕ್ಟರಿನಲ್ಲಿ ಗುಡ್ಡಕ್ಕೆ ಸಾಗಿಸಿ, ಮಾವನವರ ಪಕ್ಕದಲ್ಲಿ ಹಿಡಿದು ನಿಂತರು. ಅದರಲ್ಲೊಬ್ಬರು ನನ್ನ ಯಜಮಾನರು. ಅವರು ಕಲ್ಲಿನ ಹಿಂದಿನಿಂದ, "ಬೇಗ ನೋಡಿ ಅಪಾ, ಬೆರಳು ಹೋಗ್ತಿದೆ," ಎನ್ನುತ್ತಿದ್ದರು. ಭಾವನವರು ಊರಿಗೆ ಮತ್ತೆ ಬಂದಿದ್ದರು, ವರ್ಷದಲ್ಲಿ ಎರಡನೆಯ ಬಾರಿ.

ನಾನೂ ಅಪಾ ಅವರೂ ರಸ್ತೆಯ ಅಂಚಿನಲ್ಲಿ, ಆ ಲಾರಿ ನಿಂತಿದ್ದ ಜಾಗದಲ್ಲೇ ನಿಂತು ನೋಡಿದೆವು. ಐವತ್ತೈದರ ಹೆಂಗಸೊಬ್ಬಳು ಎಡಕ್ಕೆ ತಿರುಗಿ, ಕಣ್ಣಿನಲ್ಲಿ ನಗುತ್ತ, ಬಾಯಿ ತುಂಬ ಬೈಯುತ್ತಿದ್ದಳು. ಪಕ್ಕದಲ್ಲಿ ಇಪ್ಪತ್ತನಾಲ್ಕರ ಮೀಸೆಯ ಯುವಕ ನೇರವಾಗಿ ಮುಂದೆ ನೋಡುತ್ತಿದ್ದ. ಬುರ್ಮಕಾನ್ ಕಡೆಗೆ ಬೆನ್ನು.

ಅಪಾ ಬಹಳ ಹೊತ್ತು ನೋಡಿದರು. ತಲೆವಸ್ತ್ರ ಗಾಳಿಗೆ ಜಾರಿದ್ದನ್ನು ಗಮನಿಸಲಿಲ್ಲ.

"ನೋಡು ಮಗಳೇ," ಎಂದರು. "ಈಗ್ಲೂ ಕೇಳಿಸ್ಕೊಂಡಿಲ್ಲ."

ಪೊದೆಯ ಹಿಂದಿನಿಂದ ಕ್ಲಿಕ್ ಎಂಬ ಸದ್ದು ಬಂತು. ಅಪಾ ತಿರುಗಿದರು. ಮತ್ತೊಮ್ಮೆ ಸದ್ದು ಬಂತು.

2023ರ ಲಕೋಟೆಯ ಕೊನೆಯಲ್ಲಿ ಆ ಎರಡು ಪಟಗಳಿವೆ. ಮೊದಲನೆಯದರಲ್ಲಿ ಅಪಾ ಬೈಯುತ್ತಿಲ್ಲ. ಎರಡನೆಯದರಲ್ಲಿ ಬೈಯುತ್ತಿದ್ದಾರೆ.